ನಾಲಿಗೆ ಉಪಕರಣವಲ್ಲ

'ನಾಲಿಗೆ ಉಪಕರಣವಲ್ಲ.'
ಪುಟ ಏಳು, ಸಾಲು ಹನ್ನೊಂದರ ಪಕ್ಕ
ಎರಡನೆಯ ಪರಿಶೀಲಕರ ಟಿಪ್ಪಣಿ ಇಷ್ಟೇ.
ಹೆಸರಿಲ್ಲ. ಹೆಸರು ನನ್ನ ಕಪಾಟಿನೊಳಗೆ,
ಕಪಾಟಿನ ಕೀಲಿ ನನ್ನ ಜೇಬಿನೊಳಗೆ.
ಆ ಅರ್ಧವಿರಾಮಗಳ ಸಾಲು ನೋಡಿದರೆ
ಯಾರೆಂದು ಯಾರಾದರೂ ಹೇಳಿಯಾರು. ಇರಲಿ.

ಬೀದರಿನ ನಮ್ಮ ಪತ್ರಿಕೆ ವರ್ಷಕ್ಕೆರಡು ಸಲ ಬರುತ್ತದೆ,
ಒಮ್ಮೊಮ್ಮೆ ಒಂದೇ ಸಲ.
ನಾನು ಸಂಪಾದಕ; ಅಂದರೆ ಅಂಚೆಯವನು,
ಅಂದರೆ ಎರಡೂ ಕಡೆಯ ಬೈಗುಳಕ್ಕೆ ಒಂದೇ ವಿಳಾಸ.

ಬರೆದಾಕೆ ತಸ್ನೀಮ್ ಕೌಸರ್, ಬಿದರಿ ಕೆಲಸದವರ ಮಗಳು.
ಪ್ರಬಂಧ ಕೋಟೆಯ ಮಣ್ಣಿನ ಮೇಲೆ:
ಮಳೆ ಬಿಸಿಲು ಕಾಣದ ಗೋಡೆಯ ಬುಡದಿಂದ ಕೆರೆದು ತಂದು
ನವಸಾಗರ ಬೆರೆಸಿ ಕುದಿಸಿದರೆ
ಸತುವಿನ ಹೂಜಿ ಇದ್ದಲಿನಷ್ಟು ಕಪ್ಪು,
ಬೆಳ್ಳಿಯ ಬಳ್ಳಿ ಇದ್ದ ಹಾಗೇ ಬಿಳಿ.
ಯಾವ ಮಣ್ಣು ಜೀವಂತ, ಯಾವುದು ಸತ್ತದ್ದು
ಉಸ್ತಾದರು ಚಿಟಿಕೆ ನಾಲಿಗೆಗಿಟ್ಟು ಹೇಳುತ್ತಾರೆ.
ಅದನ್ನಾಕೆ 'ವಿಧಾನ' ಎಂಬ ತಲೆಬರಹದ ಕೆಳಗೆ ಬರೆದಿದ್ದಳು.
'ನಂಬಿಕೆ' ಎಂದಿದ್ದರೆ
ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಅವಳ ಉತ್ತರ ಹನ್ನೊಂದು ಪುಟ. ಕಳಿಸಲಿಲ್ಲ, ಕರೆಸಿದೆ.
ಚೌಬಾರದ ಹತ್ತಿರ ಚಹಾ.
'ಅವರ ಮಷಿನ್ನಿಗೆ ಸರ್ಟಿಫಿಕೇಟ್ ಯಾರ್ ಕೊಟ್ರು, ಸರ್?'
'ಕಂಪನಿ.'
'ನಮ್ಮ ಅಬ್ಬಾಗ ನಲವತ್ತು ವರ್ಷ ಕೊಟ್ಟಾವ್ರಿ.'
ಸಿಟ್ಟು ಬಾಯಿಗೆ ಚಂದ, ಅಚ್ಚಿಗಲ್ಲ ಎಂದೆ.
ಬಸಿಯೊಳಗೆ ಚಹಾ ಆರಿತು.

ಕೊನೆಗೆ ನಿಯಮದಲ್ಲಿಲ್ಲದ್ದು ಮಾಡಿದೆ:
ಹನ್ನೊಂದು ಪುಟ ಒಂದಾಗಿಸಿ, ಜೊತೆಗೆ
ಎರಡು ಪೊಟ್ಟಣ ಮಣ್ಣು, ರಿಜಿಸ್ಟರ್ಡ್ ಅಂಚೆ.
ಇಪ್ಪತ್ತು ದಿನಕ್ಕೆ ಬಂತು:
'ಎರಡನ್ನೂ ರುಚಿ ನೋಡಿದೆ; ನನಗೇನೂ ತಿಳಿಯಲಿಲ್ಲ;
ನನ್ನ ಆಕ್ಷೇಪಣೆ ಇದೇ ಆಗಿತ್ತು.'

ತಸ್ನೀಮ್ ಅದನ್ನು ಎರಡು ಸಲ ಓದಿದಳು. ಜಗಳಕ್ಕೆ ಬರಲಿಲ್ಲ.
'ನನಗೂ ತಿಳಿಯೂದಿಲ್ರಿ' ಎಂದಳು, ಕಿಟಕಿಗೆ.
'ಅಣ್ಣಗ ಕೋಟಿ ಗ್ವಾಡಿತನಕ ಕರ್ಕೊಂಡ್ ಹೋಗ್ತಿದ್ರು. ನನಗಲ್ಲ.'

ಹೆಸರು ಮುಚ್ಚಿ ಪರೀಕ್ಷಿಸುವುದು ನಮಗೇನು ಹೊಸದೇ?
ಹನ್ನೆರಡು ಪೊಟ್ಟಣ, ಮೇಲೆ ಬರೀ ಅಂಕಿ.
ಒಂದು ಬಸ್ ಸ್ಟ್ಯಾಂಡ್ ಹಿಂದಿನದು, ಒಂದು ನನ್ನ ಮನೆಯ ಕುಂಡದ್ದು.
ನಾಲ್ವರು ಉಸ್ತಾದರು, ನಾಲ್ಕು ಕೋಣೆ,
ನಡುನಡುವೆ ಮುಕ್ಕಳಿಸಲು ನೀರು.
ಒಂಬತ್ತರಲ್ಲಿ ನಾಲ್ಕೂ ನಾಲಿಗೆ ಒಂದೇ ಮಾತು;
ಕುದಿಸಿ ನೋಡಿದರೆ ಹೂಜಿಗಳದೂ ಅದೇ ಮಾತು.
ಉಳಿದ ಮೂರಕ್ಕೆ ಅಂಗಳದಲ್ಲಿ ದಖನಿಯಲ್ಲಿ
ಸಂಜೆಯ ನಮಾಜಿನವರೆಗೆ ಜಗಳ.
ನನ್ನ ಕುಂಡದ ಮಣ್ಣು ಜೀವಂತ ಎಂದಿದ್ದರು ಅವಳ ತಂದೆ.
ಆಕೆ ಅದನ್ನೂ ಪಟ್ಟಿಯಲ್ಲಿ ಬರೆದಳು,
ಪೆನ್ನು ಒಂದೆರಡು ಕ್ಷಣ ನಿಂತಿತ್ತು, ಅಷ್ಟೇ.

ಮೂರನೆಯ ಪತ್ರ: 'ಪ್ರಕಟಿಸಿ;
ಒಪ್ಪದ ಆ ಮೂರನ್ನು ಅಡಿಟಿಪ್ಪಣಿಯಲ್ಲಿ ಅಡಗಿಸಬೇಡಿ;
ಪಟ್ಟಿಯ ಮೇಲ್ಗಡೆ ಇರಲಿ.'
'ಯಾಕ ಮ್ಯಾಲ?' ಎಂದು ಗೊಣಗಿದಳು. ಇಟ್ಟಳು.
'ವಿಧಾನ' ಎಂಬ ಪದ ಉಳಿಯಿತು.
ಕೊನೆಯ ಪುಟದಲ್ಲಿ, ಹೆಸರರಿಯದ ಒಬ್ಬರಿಗೆ ಕೃತಜ್ಞತೆ;
ಅವಳಿಗೆ ಗೊತ್ತಿತ್ತೆಂದೇ ನನ್ನ ಅನುಮಾನ.
ಅರ್ಧವಿರಾಮ ಹಾಕಿದ್ದಳು.

ಸಂಪಾದಕೀಯದಲ್ಲಿ ಬರೆಯಹೊರಟೆ:
ವಾದವೂ ಕೋಟೆಯ ಮಣ್ಣಿನಂತೆ, ಸತುವನ್ನಷ್ಟೇ ಕಪ್ಪಾಗಿಸಿ
ಬೆಳ್ಳಿಯನ್ನು ಬಿಡುತ್ತದೆ ಎಂದು.
ಹೊಡೆದುಹಾಕಿದೆ. ಎಷ್ಟು ಬೆಳ್ಳಿ ಕಪ್ಪಾದದ್ದೂ
ಈ ಕಪಾಟಿನಲ್ಲೇ ಇದೆ.

ಉಳಿದ ಪೊಟ್ಟಣವೊಂದು ಮೇಜಿನ ಖಾನೆಯಲ್ಲಿತ್ತು.
ಮೊನ್ನೆ ಸಂಜೆ, ಜವಾನ ಗುಂಡೇರಾವ್ ಹೋದ ಮೇಲೆ,
ಒಂದು ಚಿಟಿಕೆ ಇಟ್ಟುಕೊಂಡೆ.
ಉಪ್ಪೋ, ಹಳೆಯ ಕಾಗದದ ಧೂಳೋ.
ಬಾಯಿ ಮುಕ್ಕಳಿಸಿ
ಮುಂದಿನ ಲಕೋಟೆ ಒಡೆದೆ.